ಕಲಿಕೆಯ ಏಣಿ: ಬಳ್ಳಾರಿಯಿಂದ ಹೆಗ್ಗಡದೇವನಕೋಟೆಗೆ

ನಿಮ್ಮ ಮನೆಯಲ್ಲಿ ಎರಡನೆಯ ಅಥವಾ ಮೂರನೆಯ ತರಗತಿಗೆ ಹೋಗುವ ಮಗುವಿದ್ದರೆ ಶಾಲೆಯಿಂದ ಬರುವ ಪ್ರಗತಿಪತ್ರವನ್ನು ನೀವು ನೋಡಿಯೇ ಇರುತ್ತೀರಿ. ನಾವು ಓದುತ್ತಿದ್ದ ಕಾಲದಲ್ಲಿ ಆ ಪತ್ರದಲ್ಲಿ ಕನ್ನಡಕ್ಕೆ ನೂರಕ್ಕೆ ಇಷ್ಟು, ಲೆಕ್ಕಕ್ಕೆ ಇಷ್ಟು ಎಂದು ಅಂಕಗಳಿರುತ್ತಿದ್ದುವು. ಕೆಳಗೆ ತಂದೆಯ ರುಜುವಿಗೆ ಒಂದು ಗೆರೆ. ಈಗ ಅಂಕಗಳ ಜಾಗದಲ್ಲಿ ವಾಕ್ಯಗಳು ಬಂದು ಕುಳಿತಿವೆ. ಮಗು ಸರಳ ಪದಗಳನ್ನು ಓದುತ್ತದೆ, ಎರಡಂಕಿಯ ಸಂಖ್ಯೆಗಳನ್ನು ಕೂಡುತ್ತದೆ, ಕೇಳಿದ ಕಥೆಯನ್ನು ತನ್ನ ಮಾತಿನಲ್ಲಿ ಹೇಳುತ್ತದೆ ಎಂದು ಒಂದೊಂದನ್ನೇ ಬರೆದು ಮುಂದೆ ಗುರುತು ಹಾಕಿರುತ್ತಾರೆ. "ಅದೆಲ್ಲ ಇರಲಿ ಮೇಷ್ಟ್ರೇ, ಕ್ಲಾಸಿಗೆ ಎಷ್ಟನೆಯವನು?" ಎಂದು ಕೇಳಿದ ತಂದೆಯರನ್ನು ನಾನು ಬಲ್ಲೆ. ಅವರ ಪ್ರಶ್ನೆ ತಪ್ಪೆಂದು ಹೇಳಲಾರೆ. ಗುರುತು ಹಾಕಿದವರು ಯಾವ ಉದ್ದೇಶದಿಂದ ಹಾಕಿದರು ಎಂಬುದನ್ನು ಅವರಿಗೆ ಯಾರೂ ತಿಳಿಸಿಲ್ಲ, ಅಷ್ಟೆ.

ಈ ಪದ್ಧತಿಗೆ ಸಾಮರ್ಥ್ಯಾಧಾರಿತ ಶಿಕ್ಷಣ ಎಂದು ಹೆಸರು. ಹೆಸರು ಉದ್ದವಾದರೂ ಅರ್ಥ ಚಿಕ್ಕದು. ಮಗು ಎಷ್ಟು ವರ್ಷ ಶಾಲೆಯಲ್ಲಿ ಕುಳಿತಿತು ಎಂದು ಎಣಿಸದೆ, ಅದಕ್ಕೆ ಏನೇನು ಮಾಡಲು ಬರುತ್ತದೆ ಎಂದು ನೋಡುವುದು. ಒಂದು ಕೈವಶವಾದ ಮೇಲೆ ಅದರ ಮುಂದಿನದಕ್ಕೆ ಕೈಹಾಕುವುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇದನ್ನೇ ಒತ್ತಿ ಹೇಳಿತು. ಮೂರನೆಯ ತರಗತಿ ಮುಗಿಯುವುದರೊಳಗೆ ಎಲ್ಲ ಮಕ್ಕಳಿಗೂ ಓದು, ಬರಹ, ಲೆಕ್ಕದ ತಳಪಾಯ ಗಟ್ಟಿಯಾಗಬೇಕು, ಈ ಗುರಿಯನ್ನು 2026-27ರ ಹೊತ್ತಿಗೆ ಮುಟ್ಟಬೇಕು ಎಂದು 2021ರಲ್ಲಿ ಕೇಂದ್ರ ಸರ್ಕಾರ 'ನಿಪುಣ ಭಾರತ'ವೆಂಬ ಕಾರ್ಯಕ್ರಮವನ್ನು ಆರಂಭಿಸಿತು. ಹೀಗಾಗಿ ಇದೊಂದು ಹೊಚ್ಚಹೊಸ ವಿಚಾರವೆಂದು ಬಹುಮಂದಿ ತಿಳಿದಿದ್ದಾರೆ. ಹಾಗಲ್ಲ. ಕನ್ನಡನಾಡಿನಲ್ಲೇ ಇದಕ್ಕೆ ಇನ್ನೂರು ವರ್ಷಗಳ ಲಿಖಿತ ದಾಖಲೆಯುಂಟು. ಆ ಇನ್ನೂರು ವರ್ಷಗಳಲ್ಲಿ ಇದೇ ಏಣಿ ಕೆಲವೆಡೆ ಮಕ್ಕಳನ್ನು ಮೇಲೆ ಹತ್ತಿಸಿತು, ಕೆಲವೆಡೆ ಕೆಳಗೆ ಕೆಡವಿತು. ಮೆಟ್ಟಿಲುಗಳು ಎಲ್ಲ ಕಡೆಯೂ ಹೆಚ್ಚುಕಡಮೆ ಒಂದೇ. ಕಲಿಸುವವನು, ತನಿಖೆಗೆ ಬರುವವನು, ಮಗುವನ್ನು ಕಳುಹಿಸುವವನು, ಈ ಮೂವರೂ ಏಣಿಯ ತುದಿಯಲ್ಲಿ ಒಂದೇ ವಸ್ತುವನ್ನು ಕಂಡರೆ ಇಲ್ಲವೆ ಎಂಬುದರಲ್ಲಿ ವ್ಯತ್ಯಾಸವಿತ್ತು. ಆ ಕಥೆಯನ್ನು ಹೇಳಬೇಕೆಂದು ಈ ಲೇಖನ.

1822ರಲ್ಲಿ ಮದರಾಸಿನ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ ತನ್ನ ಆಧಿಪತ್ಯದ ಪ್ರತಿಯೊಂದು ಜಿಲ್ಲೆಯಲ್ಲಿಯೂ ದೇಶೀಯ ಶಾಲೆಗಳು ಎಷ್ಟಿವೆ, ಅಲ್ಲಿ ಏನು ಕಲಿಸುತ್ತಾರೆ ಎಂದು ಕಲೆಕ್ಟರುಗಳಿಂದ ವರದಿ ಕೇಳಿದ. ಹೆಚ್ಚಿನವರು ಒಂದು ಪಟ್ಟಿ ಕಳಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಮಾತ್ರ ಭಾಷೆಯ ಮರ್ಮ ಬಲ್ಲವನು. ತೆಲುಗು ವ್ಯಾಕರಣವನ್ನು ಬರೆದವನು. 1823ರ ಆಗಸ್ಟಿನಲ್ಲಿ ಅವನು ಕಳಿಸಿದ ವರದಿ ಇಂದಿಗೂ ಓದತಕ್ಕದ್ದು. ಸುಮಾರು 9 ಲಕ್ಷ 27 ಸಾವಿರ ಜನರಿದ್ದ ಆ ಜಿಲ್ಲೆಯಲ್ಲಿ ಅವನು ಎಣಿಸಿದ ಶಾಲೆಗಳು 533, ವಿದ್ಯಾರ್ಥಿಗಳು 6,641. ಅವುಗಳ ಪೈಕಿ 235 ಶಾಲೆಗಳು ಕನ್ನಡದವು, 226 ತೆಲುಗಿನವು. ಉಳಿದವು ಮರಾಠಿ, ಪಾರಸಿ, ತಮಿಳು, ಬ್ರಾಹ್ಮಣರಿಗೇ ಮೀಸಲಾದ ಪಾಠಶಾಲೆಗಳು, ಮತ್ತು ಇಂಗ್ಲಿಷಿನದು ಒಂದೇ ಒಂದು.

ಆ ಶಾಲೆಗಳೊಳಕ್ಕೆ ಒಮ್ಮೆ ಹೋಗಿ ಬರೋಣ. ಬೆಳಗ್ಗೆ ಆರು ಗಂಟೆಯ ಹೊತ್ತಿಗೆ ಹುಡುಗರು ಬಂದು ಸೇರಬೇಕು. ಮೊದಲು ಬಂದವನ ಅಂಗೈಯ ಮೇಲೆ ಗುರು ಸರಸ್ವತಿಯ ಹೆಸರನ್ನು ಬರೆಯುತ್ತಾನೆ, ಅದು ಮರ್ಯಾದೆ. ಎರಡನೆಯವನಿಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುತ್ತದೆ. ಕಟ್ಟಕಡೆಗೆ ಬಂದವನ ಪಾಡನ್ನು ನೀವೇ ಊಹಿಸಿಕೊಳ್ಳಿ. ಹೊಸಬರು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಾರೆ. ಕೈ ಕುದುರಿದವರು ಓಲೆಗರಿಯ ಮೇಲೆ ಕಂಟದಿಂದ, ಹಲಗೆಯ ಮೇಲೆ, ಕಡತದ ಮೇಲೆ ಬರೆಯುತ್ತಾರೆ. ಇಲ್ಲಿ ಒಂದು ಮಾತು. ಇಂದು ಕಚೇರಿಗಳಲ್ಲಿ 'ಫೈಲ್' ಎಂಬುದಕ್ಕೆ ನಾವು ಕಡತ ಎನ್ನುತ್ತೇವಷ್ಟೆ. ಅಂದು ಕಡತವೆಂದರೆ ಗಂಜಿ ಹಾಕಿ ಬಿರುಸು ಮಾಡಿ, ಇದ್ದಿಲು ಮತ್ತು ಅಂಟಿನ ಲೇಪ ಕೊಟ್ಟು, ಪುಸ್ತಕದಂತೆ ಮಡಿಸಿದ ಬಟ್ಟೆ. ಬರೆದುದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಅಂಗಡಿಯ ಶೆಟ್ಟರ ಲೆಕ್ಕವೂ ಅದರಲ್ಲೇ, ಹುಡುಗರ ಅಕ್ಷರವೂ ಅದರಲ್ಲೇ.

ನಮ್ಮ ವಿಷಯಕ್ಕೆ ಬೇಕಾದ ಸಂಗತಿ ಇದರ ಮುಂದಿದೆ. ಆ ಶಾಲೆಗಳಲ್ಲಿ ವರ್ಷಾಂತ್ಯದ ಪರೀಕ್ಷೆಯಿರಲಿಲ್ಲ. ಮಕ್ಕಳನ್ನು ಅವರವರ ಕಲಿಕೆಗೆ ತಕ್ಕಂತೆ ಗುಂಪು ಮಾಡಿ, ಕೆಳಗಿನ ಗುಂಪುಗಳನ್ನು ಮೇಲಿನ ಹುಡುಗರಿಗೆ ಒಪ್ಪಿಸಿ, ಗುರು ಮೇಲಿನವರನ್ನು ತಾನೇ ನೋಡಿಕೊಳ್ಳುತ್ತಿದ್ದ. ಹುಡುಗ ತನ್ನ ಯೋಗ್ಯತೆಗೆ ಅನುಸಾರವಾಗಿ ಒಂದು ಗುಂಪಿನಿಂದ ಮತ್ತೊಂದಕ್ಕೆ ಏರುತ್ತಿದ್ದ ಎಂದು ಕ್ಯಾಂಬೆಲ್ ಸ್ಪಷ್ಟವಾಗಿ ಬರೆದಿದ್ದಾನೆ. ಹೀಗೆ ದೊಡ್ಡ ಹುಡುಗರಿಂದ ಚಿಕ್ಕವರಿಗೆ ಕಲಿಸುವ ವಿಧಾನವನ್ನು ಅದಕ್ಕೂ ಮೊದಲೇ ಮದರಾಸಿನಲ್ಲಿ ಕಂಡ ಆಂಡ್ರೂ ಬೆಲ್ ಎಂಬ ಪಾದ್ರಿ 1797ರಲ್ಲಿ ಇಂಗ್ಲೆಂಡಿನಲ್ಲಿ ಅದರ ಮೇಲೆ ಪುಸ್ತಕ ಪ್ರಕಟಿಸಿದ್ದ; 'ಮದರಾಸು ಪದ್ಧತಿ' ಎಂಬ ಹೆಸರಿನಿಂದ ಅದು ಅಲ್ಲಿ ಹಬ್ಬಿಯೂ ಇತ್ತು.

ಈ ಶಾಲೆಗಳು ಹೇಗೆ ನಡೆದುವು ಎಂದರೆ, ಊರಿನವರಿಗೂ ಗುರುವಿಗೂ ಏನು ಬೇಕೆಂಬುದರಲ್ಲಿ ಒಡಕಿರಲಿಲ್ಲ. ಪತ್ರ ಓದಲು ಬರಬೇಕು, ಬಡ್ಡಿಯ ಲೆಕ್ಕ ಬರಬೇಕು, ನಾಲ್ಕು ಪದ್ಯ ಬಾಯಿಗೆ ಬರಬೇಕು. ತಂದೆ ಸಂಜೆ ಮಗನ ಕೈಗೆ ಒಂದು ಕಾಗದ ಕೊಟ್ಟು ಓದಿಸಿದರೆ ಅದೇ ಪರೀಕ್ಷೆ. ಆದರೆ ಇದನ್ನು ನೆನೆದು ಹಿಂದಿನ ಕಾಲವೇ ಚೆನ್ನಾಗಿತ್ತೆಂದು ಹಾಡುವ ಜಾತಿಯವನು ನಾನಲ್ಲ. ಆ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳೆಷ್ಟು ಗೊತ್ತೆ? ಅರುವತ್ತು. ಊರ ಹೊರಗೆ ಇದ್ದವರ ಮಕ್ಕಳಿಗೆ ಜಗಲಿಯ ಮೇಲೆ ಜಾಗವೇ ಇರಲಿಲ್ಲ. ಒಮ್ಮತವೇನೋ ಇತ್ತು, ಅದು ಕೆಲವರ ಒಮ್ಮತ. ಇನ್ನೊಂದು ದೋಷವನ್ನೂ ಕ್ಯಾಂಬೆಲ್ ಕಂಡಿದ್ದ. ಹಳೆಯ ಭಾಷೆಯ ಪದ್ಯಗಳನ್ನು ಹುಡುಗರು ಗಿಳಿಗಳಂತೆ ಒಪ್ಪಿಸುತ್ತಿದ್ದರೇ ಹೊರತು ಅರ್ಥ ತಿಳಿದಿರುತ್ತಿರಲಿಲ್ಲ ಎಂದು ಅವನ ದೂರು. ಪಂಡಿತ ಪರೀಕ್ಷೆಗೆ ಕೂತು ಬಂದ ನನಗೆ ಆ ಮಾತು ಇಂದಿಗೂ ಚುರುಕ್ಕೆನ್ನುತ್ತದೆ.

ಇನ್ನು ಇಂಗ್ಲೆಂಡಿಗೆ ಹೋಗಬೇಕು. ಅಲ್ಲಿ ಮಾಡಿದ ಒಂದು ನಿಯಮ ಕೆಲವೇ ವರ್ಷಗಳಲ್ಲಿ ನಮ್ಮ ಧಾರವಾಡ, ಮಂಗಳೂರುಗಳ ಕಡೆಯ ಶಾಲೆಗಳನ್ನೂ ಮುಟ್ಟಿತು.

1862ರಲ್ಲಿ ಅಲ್ಲಿನ ಸರ್ಕಾರ ಪ್ರಾಥಮಿಕ ಶಾಲೆಗಳ ಸಹಾಯಧನಕ್ಕೆ ಪರಿಷ್ಕೃತ ಸಂಹಿತೆಯೊಂದನ್ನು ಜಾರಿಗೆ ತಂದಿತು. ಅದರ ಕರ್ತೃ ರಾಬರ್ಟ್ ಲೋ ಎಂಬ ಮುತ್ಸದ್ದಿ. ಈ ವ್ಯವಸ್ಥೆ ಅಗ್ಗವಲ್ಲದಿದ್ದರೆ ದಕ್ಷವಾಗಿರುತ್ತದೆ, ದಕ್ಷವಲ್ಲದಿದ್ದರೆ ಅಗ್ಗವಾಗಿರುತ್ತದೆ ಎಂಬ ಅರ್ಥದ ಮಾತನ್ನು ಅವನು ಪಾರ್ಲಿಮೆಂಟಿನಲ್ಲಿ ಆಡಿದ. ಮಾತು ಚತುರವಾಗಿಯೇ ಇದೆ. ಓದು, ಬರಹ, ಲೆಕ್ಕ ಎಂಬ ಮೂರು ವಿಷಯಗಳಿಗೆ ಆರು ಮಟ್ಟಗಳನ್ನು ಗೊತ್ತುಮಾಡಿದರು. ಮೊದಲ ಮಟ್ಟದಲ್ಲಿ ಚಿಕ್ಕಚಿಕ್ಕ ಮಾತುಗಳ ಕಥೆಯನ್ನು ಓದಬೇಕು, ಹೇಳಿದ ಅಕ್ಷರವನ್ನು ಬರೆಯಬೇಕು, ಇಪ್ಪತ್ತರವರೆಗಿನ ಅಂಕಿ ಬರಬೇಕು. ಆರನೆಯ ಮಟ್ಟಕ್ಕೆ ಬಂದವನು ವೃತ್ತಪತ್ರಿಕೆಯ ಒಂದು ಪ್ಯಾರಾ ಓದಬೇಕು. ಮಟ್ಟಗಳನ್ನೇ ನೋಡಿದರೆ ಆಕ್ಷೇಪಿಸುವಂಥದು ಏನೂ ಇಲ್ಲ. ಇಂದಿನ ನಮ್ಮ ಪಟ್ಟಿಗಳಿಗಿಂತ ಅವು ಸ್ಪಷ್ಟವಾಗಿವೆ ಎಂದರೂ ಸಲ್ಲುತ್ತದೆ.

ಕೇಡು ಇದ್ದುದು ಹಣದ ಕೊಂಡಿಯಲ್ಲಿ. ಸಾಕಷ್ಟು ಹಾಜರಿಯಿದ್ದ ಪ್ರತಿಯೊಂದು ಮಗುವಿನ ಹೆಸರಿನಲ್ಲಿಯೂ ಶಾಲೆಗೆ ವರ್ಷಕ್ಕೆ ಎಂಟು ಷಿಲಿಂಗು. ತನಿಖೆಗೆ ಬಂದ ಇನ್ಸ್ಪೆಕ್ಟರ ಮುಂದೆ ಮಗು ಒಂದು ವಿಷಯದಲ್ಲಿ ತಪ್ಪಿದರೆ ಎರಡು ಷಿಲಿಂಗು ಎಂಟು ಪೆನ್ಸು ಖೋತಾ. ಮೂರರಲ್ಲೂ ತಪ್ಪಿದರೆ ಎಂಟೂ ಹೋಯಿತು. ಉಪಾಧ್ಯಾಯನ ಸಂಬಳ ಆ ಹಣದಿಂದ ಬರಬೇಕು. ಈಗ ಆ ಉಪಾಧ್ಯಾಯನ ಜಾಗದಲ್ಲಿ ನೀವು ನಿಂತು ನೋಡಿ. ನಿಮ್ಮ ಎದುರಿಗೆ ಕುಳಿತಿರುವುದು ಮಗುವೋ, ಎರಡು ಷಿಲಿಂಗು ಎಂಟು ಪೆನ್ಸೋ? ವರ್ಷವೆಲ್ಲ ಒಂದೇ ಓದುವ ಪುಸ್ತಕವನ್ನು ಉರುಹೊಡೆಸಿದರು. ಪುಸ್ತಕವನ್ನು ತಲೆಕೆಳಗಾಗಿ ಹಿಡಿದುಕೊಂಡೂ ಸರಾಗವಾಗಿ 'ಓದುವ' ಮಕ್ಕಳು ಸಿಕ್ಕಿದರೆಂದು ಆ ಕಾಲದ ಇನ್ಸ್ಪೆಕ್ಟರುಗಳ ವಿಷಯವಾಗಿ ಹೇಳುವುದುಂಟು. ಬಳ್ಳಾರಿಯ ಗಿಳಿಗಳು ಸಮುದ್ರ ದಾಟಿ ಹೋಗಿದ್ದುವು! ಚುರುಕಾದ ಮಗುವಿಗೆ ಹೆಚ್ಚು ಕಲಿಸಿದರೆ ಕಾಸು ಬರುವುದಿಲ್ಲ. ಏನು ಮಾಡಿದರೂ ತೇರ್ಗಡೆಯಾಗದ ಮಗುವಿನ ಮೇಲೆ ಹೊತ್ತು ಕಳೆದರೂ ಕಾಸು ಬರುವುದಿಲ್ಲ. ನಡುವೆ ಇರುವವರ ಮೇಲಷ್ಟೆ ಎಲ್ಲರ ಕಣ್ಣು.

ಇದನ್ನು ಎದುರಿಸಿ ಮಾತನಾಡಿದವರಲ್ಲಿ ಮುಖ್ಯನಾದವನು ಕವಿಯೆಂದು ನಾವೆಲ್ಲ ಬಲ್ಲ ಮ್ಯಾಥ್ಯೂ ಆರ್ನಾಲ್ಡ್. ಅವನ ಹೊಟ್ಟೆಪಾಡಿನ ಕೆಲಸ ಕಾವ್ಯವಲ್ಲ. 1851ರಿಂದ 1886ರವರೆಗೆ ಮೂವತ್ತೈದು ವರ್ಷ ಅವನು ಶಾಲಾ ಇನ್ಸ್ಪೆಕ್ಟರಾಗಿದ್ದ. ಈ ಸಂಹಿತೆ ಪಾಠವನ್ನು ಯಾಂತ್ರಿಕ ಮಾಡಿಬಿಟ್ಟಿತು, ಶಾಲೆಯ ಜೀವವನ್ನೇ ಹೀರಿತು ಎಂದು ತನ್ನ ಇಲಾಖೆಗೆ ಒಪ್ಪಿಸಿದ ವರದಿಗಳಲ್ಲಿಯೇ ಅವನು ಬರೆದ. ಮೇಲಿನವರಿಗೆ ಒಗ್ಗದ ಮಾತನ್ನು ಮೇಲಿನವರಿಗೇ ಬರೆದು ಕಳಿಸುವ ಇನ್ಸ್ಪೆಕ್ಟರು ಯಾವ ಕಾಲದಲ್ಲಿಯೂ ಅಪರೂಪ. ಇಂಗ್ಲೆಂಡಿನಲ್ಲಿ ಈ ಪದ್ಧತಿ 1890ರ ದಶಕದಲ್ಲಿ ಕೊನೆಗೊಂಡಿತು.

ಅಷ್ಟರಲ್ಲಿ ಅದು ನಮ್ಮಲ್ಲಿಗೆ ಬಂದಾಗಿತ್ತು. ಮುಂಬಯಿ ಮತ್ತು ಮದರಾಸು ಆಧಿಪತ್ಯಗಳಲ್ಲಿ ಸಹಾಯಧನವನ್ನು ಫಲಿತಾಂಶಕ್ಕೆ ಗಂಟು ಹಾಕಿದರು. ಧಾರವಾಡ, ಬೆಳಗಾವಿ, ಬಿಜಾಪುರಗಳು ಮುಂಬಯಿಗೆ, ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಮದರಾಸಿಗೆ ಸೇರಿದ್ದುವಲ್ಲ. ಹಳ್ಳಿಯ ಕೂಲಿಮಠಗಳೂ ಖಾಸಗಿ ಶಾಲೆಗಳೂ ಸರ್ಕಾರದ ನಾಲ್ಕು ಕಾಸು ಬೇಕೆಂದರೆ ಇನ್ಸ್ಪೆಕ್ಟರ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಬೇಕಾಯಿತು. 1882ರ ಹಂಟರ್ ಆಯೋಗ ಪ್ರಾಥಮಿಕ ಶಿಕ್ಷಣದ ಮಟ್ಟಿಗೆ ಈ ಪದ್ಧತಿಯನ್ನೇ ಎತ್ತಿಹಿಡಿಯಿತು. ಇದನ್ನು ಕೈಬಿಡಬೇಕೆಂದು ನಿರ್ಧಾರವಾದುದು 1904ರಲ್ಲಿ, ಲಾರ್ಡ್ ಕರ್ಜನನ ಕಾಲದ ಶಿಕ್ಷಣ ನಿರ್ಣಯದಲ್ಲಿ. ನಲವತ್ತು ವರ್ಷಗಳ ರೂಢಿ ಒಂದು ನಿರ್ಣಯದಿಂದ ಅಳಿಯುವುದಿಲ್ಲ. ಇನ್ಸ್ಪೆಕ್ಟರ ಗಾಡಿಯ ಸದ್ದು ಕೇಳಿದೊಡನೆ ಜಾಣ ಹುಡುಗರನ್ನು ಮುಂದಿನ ಸಾಲಿಗೆ ತರುವ ಕಲೆ ನನ್ನ ಬಾಲ್ಯದ ಶಾಲೆಯಲ್ಲಿಯೂ ಜೀವಂತವಾಗಿತ್ತು; ಗಾಡಿಯ ಬದಲು ಜೀಪು, ಅಷ್ಟೆ.

ಸ್ವಾತಂತ್ರ್ಯಾನಂತರದ ದಶಕಗಳನ್ನು ಇಲ್ಲಿ ದಾಟಿ ಮುಂದೆ ಹೋಗುತ್ತೇನೆ. ಆ ಕಾಲದ ದೊಡ್ಡ ಚಿಂತೆ ಶಾಲೆ ತೆರೆಯುವುದು, ಮಕ್ಕಳನ್ನು ಕರೆತರುವುದು; ಅವರು ಏನು ಕಲಿತರೆಂಬ ಪ್ರಶ್ನೆ ಗಟ್ಟಿಯಾಗಿ ಎದ್ದುದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ. ಆರ್. ಎಚ್. ದವೆಯವರ ಅಧ್ಯಕ್ಷತೆಯ ಸಮಿತಿ 1991ರಲ್ಲಿ ಒಂದರಿಂದ ಐದನೆಯ ತರಗತಿಯವರೆಗೆ ಭಾಷೆ, ಗಣಿತ, ಪರಿಸರ ಅಧ್ಯಯನಗಳಲ್ಲಿ ಮಗುವಿಗೆ ಬರಲೇಬೇಕಾದ ಸಾಮರ್ಥ್ಯಗಳ ಪಟ್ಟಿಯನ್ನು ಮಾಡಿಕೊಟ್ಟಿತು. ಕನಿಷ್ಠ ಕಲಿಕಾ ಮಟ್ಟ ಎಂದರೆ ಹಿರಿಯ ಉಪಾಧ್ಯಾಯರಿಗೆ ಇಂದಿಗೂ ನೆನಪಾಗುತ್ತದೆ. ಪ್ರತಿಯೊಂದು ಸಾಮರ್ಥ್ಯಕ್ಕೂ ಚುಕ್ಕಿಯಿಟ್ಟು ಮೂರು ಅಂಕಿಗಳ ಸಂಖ್ಯೆ. ಪಟ್ಟಿಯನ್ನು ಮಾಡಿದವರು ವಿದ್ವಾಂಸರು, ಪಟ್ಟಿಯೂ ವಿಚಾರಪೂರ್ವಕವಾದುದೇ. ಆದರೆ ಅದು ಬಹುಪಾಲು ಶಾಲೆಗಳಿಗೆ ಬಂದುದು ಸುತ್ತೋಲೆಯ ರೂಪದಲ್ಲಿ. ಉಪಾಧ್ಯಾಯರು ಸಂಖ್ಯೆಗಳನ್ನು ಪಾಠಟಿಪ್ಪಣಿಯ ಅಂಚಿನಲ್ಲಿ ಬರೆದುಕೊಂಡರು, ತಪಾಸಣೆಯವರು ಸಂಖ್ಯೆ ಇದೆಯೆ ಎಂದು ನೋಡಿಕೊಂಡು ಹೋದರು. ತಂದೆತಾಯಿಗಳಿಗೆ ಇಂಥದೊಂದು ಇದೆಯೆಂಬುದೇ ತಿಳಿಯಲಿಲ್ಲ. 1862ರ ಕ್ರೌರ್ಯವೇನೂ ಇಲ್ಲಿರಲಿಲ್ಲ, ಯಾರ ಸಂಬಳವೂ ಕಡಿಯಲಿಲ್ಲ. ಆದರೂ ಒಬ್ಬೊಬ್ಬರೂ ಒಂದೊಂದು ದಿಕ್ಕಿಗೆ ನೋಡುತ್ತಿದ್ದರು.

ಇಂಥ ಸಮಯದಲ್ಲಿ, 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಒಂದು ಕೆಲಸ ಆರಂಭವಾಯಿತು. ಆ ತಾಲೂಕನ್ನು ಕಂಡವರಿಗೆ ಅಲ್ಲಿ ಶಾಲೆ ನಡೆಸುವ ಕಷ್ಟ ಗೊತ್ತು. ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬಂಡೀಪುರದ ಕಾಡು, ನಡುವೆ ಕಬಿನಿ. ಜೇನುಕುರುಬರು, ಬೆಟ್ಟಕುರುಬರು, ಯರವರ ಹಾಡಿಗಳು. ಕಾಫಿ ಕೊಯ್ಲಿನ ಕಾಲದಲ್ಲಿ ಮನೆಮಂದಿಯೆಲ್ಲ ಕೊಡಗಿನ ತೋಟಗಳಿಗೆ ಕೂಲಿಗೆ ಹೊರಟರೆಂದರೆ ಮಕ್ಕಳೂ ಹೊರಟರು. ಎರಡು ತಿಂಗಳ ಮೇಲೆ ಮರಳಿ ಬಂದ ಮಗುವಿಗೆ ತರಗತಿಯ ಪಾಠ ಎಲ್ಲೋ ಮುಂದೆ ಹೋಗಿರುತ್ತದೆ. ನಾಲ್ಕು ದಿನ ಮಿಕಮಿಕ ನೋಡಿ, ಐದನೆಯ ದಿನ ಅದು ಶಾಲೆಗೆ ಬರುವುದಿಲ್ಲ. ಒಬ್ಬರೇ ಉಪಾಧ್ಯಾಯರು, ಮೂರು ನಾಲ್ಕು ತರಗತಿಗಳು.

ಆ ತಾಲೂಕಿನ ಕೆಲವು ಪ್ರಾಥಮಿಕ ಶಾಲೆಯ ಉಪಾಧ್ಯಾಯರು, ಇಲಾಖೆಯ ಅಧಿಕಾರಿಗಳ ಮತ್ತು ಯುನಿಸೆಫ್ ಸಂಸ್ಥೆಯ ನೆರವಿನಿಂದ, ಆಂಧ್ರದ ಮದನಪಲ್ಲಿಯ ಹತ್ತಿರ ಇರುವ ರಿಷಿವ್ಯಾಲಿಗೆ ಹೋದರು. ಜಿಡ್ಡು ಕೃಷ್ಣಮೂರ್ತಿಯವರು ಸ್ಥಾಪಿಸಿದ ಪ್ರಸಿದ್ಧ ಶಾಲೆ ಅಲ್ಲಿದೆ. ಆದರೆ ಇವರು ನೋಡಲು ಹೋದುದು ಅದರ ಗ್ರಾಮೀಣ ಶಿಕ್ಷಣ ಕೇಂದ್ರ ಸುತ್ತಲಿನ ಹಳ್ಳಿಗಳಲ್ಲಿ ನಡೆಸುತ್ತಿದ್ದ ಏಕೋಪಾಧ್ಯಾಯ ಶಾಲೆಗಳನ್ನು. ಅಲ್ಲಿ ಪಠ್ಯಪುಸ್ತಕದ ಜಾಗದಲ್ಲಿ ಕಾರ್ಡುಗಳಿದ್ದುವು. ಗೋಡೆಯ ಮೇಲೆ ಕಲಿಕೆಯ ಏಣಿಯ ಚಿತ್ರವಿತ್ತು. ಪ್ರತಿಯೊಂದು ಮಗುವೂ ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ನೋಡಿಕೊಂಡು ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತಿತ್ತು. ಅಕ್ಷರ ಬಾರದ ಮಗುವಿಗೆ ಕಾರ್ಡಿನ ಗುರುತು ಸಿಕ್ಕಲೆಂದು ಅದರ ಮೇಲೆ ಪ್ರಾಣಿ ಮೊದಲಾದವುಗಳ ಚಿತ್ರ.

ಇವರು ಅಲ್ಲಿನ ಕಾರ್ಡುಗಳನ್ನು ಕನ್ನಡಕ್ಕೆ ತಿರುಗಿಸಿಕೊಂಡು ಸುಮ್ಮನಾಗಬಹುದಾಗಿತ್ತು. ಹಾಗೆ ಮಾಡಲಿಲ್ಲ. ಊರಿಗೆ ಬಂದು ಕೂಡಿ ಕುಳಿತು ತಮ್ಮ ಕಾರ್ಡುಗಳನ್ನು ತಾವೇ ಬರೆದರು. ತಮ್ಮ ಸೀಮೆಯ ಹಾಡು, ಕಥೆ, ಆಟಗಳನ್ನು ಮೆಟ್ಟಿಲುಗಳ ಮೇಲೆ ಕೂರಿಸಿದರು. ಮೆಟ್ಟಿಲುಗಳಿಗೆ ಅವರು ಆಧಾರವಾಗಿಟ್ಟುಕೊಂಡುದು ಯಾವುದನ್ನು? ಅದೇ ಕನಿಷ್ಠ ಕಲಿಕಾ ಮಟ್ಟದ ಪಟ್ಟಿಯನ್ನು! ಸುತ್ತೋಲೆಯಾಗಿ ಬಂದಾಗ ಅಂಚಿನ ಸಂಖ್ಯೆಯಾಗಿ ಉಳಿದಿದ್ದ ಪಟ್ಟಿ ಇಲ್ಲಿ ಚೂರುಚೂರಾಗಿ ಒಡೆದು, ಹಾಡಾಗಿ, ಆಟವಾಗಿ, ಕಲ್ಲು ಬೀಜಗಳ ಲೆಕ್ಕವಾಗಿ ಮಕ್ಕಳ ಕೈಗೆ ಬಂದಿತು. 'ನಲಿ-ಕಲಿ' ಎಂದು ಹೆಸರಿಟ್ಟರು. ಎರಡೂ ಅಚ್ಚಗನ್ನಡದ ಧಾತುಗಳು, ಎರಡೂ ಎರಡೆರಡೇ ಅಕ್ಷರ. ಕಲಿ ಎಂದರೆ ಶೂರ ಎಂಬ ಅರ್ಥವೂ ನಮ್ಮ ಭಾಷೆಯಲ್ಲಿದೆಯೆಂದು ಹೆಸರಿಟ್ಟವರಿಗೆ ಹೊಳೆದಿತ್ತೋ ಇಲ್ಲವೋ.

ಪಂಡಿತನಾದ ನನಗೆ ಮೊದಮೊದಲು ನಲಿ-ಕಲಿಯ ಮೇಲೆ ಕೋಪವಿತ್ತು. ಕಾರಣ ಅಕ್ಷರಗಳ ಕ್ರಮ. ಅ ಆ ಇ ಈ ಎಂದು ಆರಂಭವಾಗಬೇಕಾದ ಕಡೆ ಅವರು 'ರ ಗ ಸ ದ ಅ' ಎಂದು ಆರಂಭಿಸಿದ್ದರು. ಅದರ ಮೇಲೆ 'ಜ ವ ಮ ಬ ನ'. ಕೇಶಿರಾಜನ ಶಬ್ದಮಣಿದರ್ಪಣ ಓದಿಕೊಂಡವನಿಗೆ ಇದು ದೇವರ ಮನೆಯಲ್ಲಿ ಪಾತ್ರೆ ಚೆಲ್ಲಿದಂತೆ ಕಂಡಿತು. ಕಂಠ್ಯ, ತಾಲವ್ಯ, ಮೂರ್ಧನ್ಯ ಎಂದು ಬಾಯೊಳಗಿನ ಸ್ಥಾನ ಹಿಡಿದು ಜೋಡಿಸಿದ ನಮ್ಮ ವರ್ಣಮಾಲೆಯ ಅಂದವೇನು, ಈ ಕಲಸುಮೇಲೋಗರವೇನು ಎಂದು ಸ್ನೇಹಿತರ ಮುಂದೆ ರೇಗಾಡಿದ್ದೂ ಉಂಟು. ಆಮೇಲೆ ಒಂದು ದಿನ ಕಾಗದ ತೆಗೆದುಕೊಂಡು ಕುಳಿತೆ. ರ ಗ ಸ ದ ಅ ಎಂಬ ಐದೇ ಅಕ್ಷರ ಬಂದರೆ ಮಗು ಏನೇನು ಓದಬಲ್ಲುದು? ಸರ, ದರ, ಅರಸ, ಅಗಸ, ಗರಗಸ. ಅದಕ್ಕೆ ಜ ವ ಮ ಬ ನ ಸೇರಿದರೆ ಮರ, ದನ, ಜನ, ವನ, ಗಜ, ನಗರ. ಇನ್ನು ನಮ್ಮ ಕ್ರಮದಲ್ಲಿ ಸ್ವರಗಳನ್ನೆಲ್ಲ ಮುಗಿಸಿ ಕ ಖ ಗ ಘ ಙ ಎಂಬಲ್ಲಿಗೆ ಬಂದ ಮಗುವಿಗೆ ಓದಲು ಎಷ್ಟು ಮಾತುಗಳು ಸಿಕ್ಕುತ್ತವೆ? ನೀವೇ ಕೂತು ಹುಡುಕಿ ನೋಡಿ. ಙಕಾರದಿಂದ ಆರಂಭವಾಗುವ ಒಂದು ಮಾತು ಸಿಕ್ಕಿದರೆ ನನಗೂ ತಿಳಿಸಿ. ರ ಬರೆಯಲು ಕಲಿತ ಕೈಗೆ ಗ, ಸ, ದಗಳ ಬಳುಕೂ ಕಷ್ಟವಾಗುವುದಿಲ್ಲ. ವರ್ಣಮಾಲೆಯ ಕ್ರಮ ಭಾಷೆಯನ್ನು ಬಲ್ಲವರು ಅದರ ಶಾಸ್ತ್ರವನ್ನು ತಿಳಿಯಲು ಮಾಡಿದ್ದು. ಆರು ವರ್ಷದ ಕೈಯನ್ನು ನೋಡಿ ಮಾಡಿದ್ದಲ್ಲ. ಮಗುವಿನ ಕೈಯನ್ನು ದಿನವೂ ನೋಡುತ್ತಿದ್ದವರಿಗೆ ಅದು ತಿಳಿದಿತ್ತು, ನನಗೆ ತಿಳಿದಿರಲಿಲ್ಲ.

ಆ ಕೊಠಡಿಯನ್ನು ಒಮ್ಮೆ ನೋಡಿ. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಬೆರೆತು ಐದು ಗುಂಪುಗಳಲ್ಲಿ ನೆಲದ ಮೇಲೆ ಕುಳಿತಿರುತ್ತಾರೆ. ಗುಂಪಿನ ನಡುವೆ ಒಂದು ತಟ್ಟೆ. ಹೊಸದನ್ನು ಕಲಿಯುವವರು ಉಪಾಧ್ಯಾಯರ ಪಕ್ಕದ ತಟ್ಟೆಗೆ. ಸ್ವಲ್ಪ ಬಂದವರು ಗೆಳೆಯರ ಸಹಾಯದ ತಟ್ಟೆಗೆ. ಚೆನ್ನಾಗಿ ಬಂದವರು ತಾವೇ ಓದಿಕೊಳ್ಳುವ ತಟ್ಟೆಗೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆ ಎಟಕುವಂತೆ ಕಪ್ಪುಹಲಗೆ, ತಲೆಯ ಮೇಲೆ ಮಕ್ಕಳ ಚಿತ್ರ ಬರಹಗಳನ್ನು ತೂಗಿಬಿಟ್ಟ ಚಪ್ಪರ. ಪರೀಕ್ಷೆ ಏಣಿಯೊಳಗೇ ಒಂದು ಮೆಟ್ಟಿಲು. ಸಿದ್ಧವಾದ ದಿನ ಮಗು ಆ ಕಾರ್ಡನ್ನು ತೆಗೆದುಕೊಳ್ಳುತ್ತದೆ. ಕೊಡಗಿನಿಂದ ಎರಡು ತಿಂಗಳ ಮೇಲೆ ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹೊರಡುತ್ತದೆ. ಬಳ್ಳಾರಿಯ ಜಗಲಿಯ ಗುಂಪುಗಳು ನಿಮಗೆ ನೆನಪಾಗುತ್ತಿವೆಯಲ್ಲವೆ? ಆದರೆ ಅಲ್ಲಿ ಇಲ್ಲದವರು ಇಲ್ಲಿದ್ದಾರೆ. ಹೆಣ್ಣುಮಕ್ಕಳಿದ್ದಾರೆ, ಹಾಡಿಯ ಮಕ್ಕಳಿದ್ದಾರೆ.

ಫಲವನ್ನು ಕಂಡು ಸರ್ಕಾರ ನಲಿ-ಕಲಿಯನ್ನು ಬೇರೆ ಜಿಲ್ಲೆಗಳಿಗೂ ವಿಸ್ತರಿಸಿತು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಅದನ್ನು ತಂದಿತು. ಇದು ಸಣ್ಣ ಸಾಹಸವಲ್ಲ. ಆದರೆ ಕೋಟೆ ತಾಲೂಕಿನ ಉಪಾಧ್ಯಾಯರು ಕೂಡಿ ಕುಳಿತು ಕಂಡಿದ್ದನ್ನು ಅಚ್ಚುಹಾಕಿ ಪೆಟ್ಟಿಗೆಯಲ್ಲಿ ಕಳಿಸಲು ಬರುತ್ತದೆಯೆ? ಕಾರ್ಡುಗಳು ಹೋದುವು, ತಟ್ಟೆಗಳು ಹೋದುವು. ಕೆಲವು ದಿನಗಳ ತರಬೇತಿಯಲ್ಲಿ ವಿಧಾನವನ್ನು ಹೇಳಿಕೊಟ್ಟರು. ಯಾಕೆ ಹೀಗೆ ಎಂಬುದನ್ನು ತಮ್ಮೊಳಗೆ ಚರ್ಚಿಸಿ ಒಪ್ಪಿಕೊಳ್ಳುವಷ್ಟು ಬಿಡುವು ಎಲ್ಲರಿಗೂ ಸಿಗಲಿಲ್ಲ. ಅರ್ಥ ಮಾಡಿಕೊಂಡ ಉಪಾಧ್ಯಾಯಿನಿಯರು ಅದರಲ್ಲಿ ಅದ್ಭುತವಾದ ಕೆಲಸ ಮಾಡಿದುದನ್ನು ಕಣ್ಣಾರೆ ಕಂಡಿದ್ದೇನೆ. ಕಾರ್ಡಿನ ಕಟ್ಟು ಬಿಚ್ಚದೆ ಬೀರುವಿನ ಮೇಲೆ ಧೂಳು ಹೊತ್ತು ಕುಳಿತಿದ್ದುದನ್ನೂ ಕಂಡಿದ್ದೇನೆ. ಒಂದು ಶಾಲೆಯಲ್ಲಿ ಎಲ್ಲ ಮಕ್ಕಳ ಪ್ರಗತಿ ನೋಟವನ್ನೂ ತಿಂಗಳ ಕೊನೆಯ ಶನಿವಾರ ಒಂದೇ ಪೆನ್ನಿನಿಂದ ಒಂದೇ ಬೀಸಿಗೆ ತುಂಬುತ್ತಿದ್ದರು; 1862ರ ನೆರಳು ಅಲ್ಲಿ ಕಾಣಿಸಿತು. ಇನ್ನು ತಂದೆತಾಯಿಗಳ ವಿಷಯ. ಪುಸ್ತಕವಿಲ್ಲ, ಪರೀಕ್ಷೆಯಿಲ್ಲ, ದಿನವೆಲ್ಲ ಹಾಡು ಕುಣಿತ, ಇದೇನು ಶಾಲೆ ಎಂದು ಎಷ್ಟೋ ಮಂದಿ ಮಕ್ಕಳನ್ನು ಬಿಡಿಸಿ ಪಟ್ಟಣದ ಕಾನ್ವೆಂಟಿಗೆ ಸೇರಿಸಿದರು. ಅವರನ್ನು ಕರೆದು ಕೂರಿಸಿ, ನಿಮ್ಮ ಮಗಳು ಇಂಥ ಮೆಟ್ಟಿಲಲ್ಲಿದ್ದಾಳೆ, ಮುಂದಿನ ಮೆಟ್ಟಿಲು ಇಂಥದು, ಮನೆಯಲ್ಲಿ ನೀವು ಇದನ್ನು ಕೇಳಿ ನೋಡಿ ಎಂದು ಹೇಳಿದ್ದರೆ ಎಷ್ಟು ಮಂದಿ ಉಳಿಯುತ್ತಿದ್ದರೋ.

ನಾಲ್ಕನೆಯ ತರಗತಿಗೆ ಹೋದ ಮಗುವಿನದು ಇನ್ನೊಂದು ಕಷ್ಟ. ಅಲ್ಲಿ ಏಣಿಯಿಲ್ಲ, ಪಠ್ಯಪುಸ್ತಕವಿದೆ. ಜೂನ್ ತಿಂಗಳಿನಲ್ಲಿ ಮೊದಲನೆಯ ಪಾಠ, ಎಲ್ಲರಿಗೂ ಒಂದೇ. ಮೂರರ ಉಪಾಧ್ಯಾಯರಿಗೂ ನಾಲ್ಕರ ಉಪಾಧ್ಯಾಯರಿಗೂ ನಡುವೆ ಒಂದು ಗೋಡೆಯಷ್ಟೆ ಇರುವ ಶಾಲೆಗಳಲ್ಲಿಯೂ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಿಳಿಯದು. ಮೆಟ್ಟಿಲಿನ ನಡುವೆ ನಿಂತ ಮಗು ಅಲ್ಲಿಯೇ ನಿಂತು, ತರಗತಿಗಳು ಮಾತ್ರ ಅದರ ಕಾಲ ಕೆಳಗೆ ಸರಿಯುತ್ತ ಹೋಗಿ, ಎಂಟನೆಯ ತರಗತಿಗೆ ನಮ್ಮಂಥವರ ಮುಂದೆ ಬಂದು ನಿಲ್ಲುತ್ತದೆ.

ಅಂಥ ಒಬ್ಬ ಹುಡುಗ ಕೆಲವು ವರ್ಷಗಳ ಹಿಂದೆ ನನ್ನ ತರಗತಿಗೆ ಬಂದ. ಕಬ್ಬು ಕಡಿಯುವ ತಂಡದೊಡನೆ ಊರೂರು ತಿರುಗಿದ ಮನೆಯವನು. ವರ್ಗಾವಣೆ ಪತ್ರದಲ್ಲಿ ಎಲ್ಲವೂ ಸರಿಯಾಗಿತ್ತು. ಪುಸ್ತಕ ಕೊಟ್ಟರೆ ಬಾಯಿ ತೆರೆಯುತ್ತಿರಲಿಲ್ಲ. ಗದರಿದೆ, ಬರೆಯಲು ಹಾಕಿದೆ, ಪ್ರಯೋಜನವಾಗಲಿಲ್ಲ. ನಮ್ಮ ಆವರಣದಲ್ಲಿಯೇ ಇರುವ ಪ್ರಾಥಮಿಕ ಶಾಲೆಯ ನಲಿ-ಕಲಿ ಮೇಡಂ ಹತ್ತಿರ ಕೊನೆಗೆ ಕರೆದುಕೊ೦ಡು ಹೋದೆ. ಆಕೆ ಅವನನ್ನು ಬೈಯಲಿಲ್ಲ, ಹೊಗಳಲಿಲ್ಲ; ನಾಲ್ಕು ಕಾರ್ಡು ತೆಗೆದು ಒಂದೊಂದಾಗಿ ಮುಂದಿಟ್ಟರು. ಐದು ನಿಮಿಷದಲ್ಲಿ, "ಸರ್, ಇವನಿಗೆ ಕಾಗುಣಿತ ಬರುತ್ತದೆ. ಒತ್ತಕ್ಷರದ ಮೆಟ್ಟಿಲಲ್ಲಿ ನಿಂತುಬಿಟ್ಟಿದ್ದಾನೆ. ಆ ಹೊತ್ತಿಗೆ ಊರು ಬಿಟ್ಟಿರಬೇಕು" ಎಂದರು. ಹುಡುಗ ತಲೆಯಾಡಿಸಿದ. ಎರಡು ತಿಂಗಳು ಕನ್ನಡದ ಎರಡನೆಯ ಪಿರಿಯಡ್ಡಿನಲ್ಲಿ ಅವನು ನನ್ನ ಪಾಠ ಕೇಳಲಿಲ್ಲ, ಹಿಂದಿನ ಬೆಂಚಿನಲ್ಲಿ ಆ ಮೇಡಂ ಕೊಟ್ಟ ಕಾರ್ಡುಗಳನ್ನು ಓದಿದ, ಮುಖ್ಯೋಪಾಧ್ಯಾಯರೂ ಒಪ್ಪಿದರು. ಅವನ ತಾಯಿಯನ್ನು ಕರೆಸಿ, ಸಂಜೆ ಇವನಿಂದ ಅಕ್ಕ, ಅಣ್ಣ, ಅಜ್ಜಿ ಎಂದು ಹತ್ತು ಮಾತು ಓದಿಸಿಕೊಳ್ಳಿ ಎಂದೆವು. ಆಕೆಗೆ ಓದು ಬರದು. "ತಪ್ಪು ಓದಿದರೆ ನನಗೆ ಹೆಂಗೆ ಗೊತ್ತಾಗಬೇಕ್ರೀ ಸರ?" ಎಂದರು. ಅವನು ಓದಿದುದು ನಿಮಗೆ ಅರ್ಥವಾದರೆ ಸರಿಯೆಂದು ತಿಳಿಯಿರಿ ಎಂದರು ಮೇಡಂ.

ದಸರಾ ರಜೆಯ ಹಿಂದಿನ ದಿನ ಅವನು ಗೇಟಿನ ಬಳಿ ನಿಂತು ನಮ್ಮ ಶಾಲೆಯ ಹಲಗೆಯನ್ನು ಓದುತ್ತಿದ್ದ. ಜೂನಿನಲ್ಲಿ 'ಪೌಢಶಾಲೆ' ಎಂದಿದ್ದವನು ಅಂದು 'ಪ್ರೌಢಶಾಲೆ' ಎಂದ. ಶಾಸ್ತ್ರ, ರಾಷ್ಟ್ರ ಎಂಬ ಮೂರು ವ್ಯಂಜನ ಕೂಡಿದ ಮಾತುಗಳ ಕಾರ್ಡು ರಜೆ ಕಳೆದ ಮೇಲೆ ಎಂದು ಮೇಡಂ ಹೇಳಿದ್ದಾರಂತೆ.